ಹರ್ಮನ್: ಒಂದು ಜರ್ಮನ್ ಹೆಸರಿನ ಬಳಗ

ಹರ್ಮನ್ ಎಂಬುದು ಜರ್ಮನ್ನರು ಗಂಡುಮಕ್ಕಳಿಗೆ ಇಡುತ್ತ ಬಂದ ಹಳೆಯ ಹೆಸರು. ಹಳೆಯ ಜರ್ಮನ್ನಿನಲ್ಲಿ ‘ಹೆರಿ’ ಅಂದರೆ ಸೈನ್ಯ, ‘ಮನ್’ ಅಂದರೆ ಆಳು; ಎರಡೂ ಕೂಡಿ ದಂಡಿನಾಳು, ಯೋಧ. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ ಮೂರು ಸೇನಾದಳಗಳನ್ನು ಹೊಸಕಿಹಾಕಿದ ಆರ್ಮಿನಿಯಸ್‌ನನ್ನು 16ನೇ ಶತಮಾನದಿಂದೀಚೆಗೆ ಜರ್ಮನ್ನರು ಹರ್ಮನ್ ಎಂದೇ ಕರೆದರು. ಡೆಟ್ಮೋಲ್ಡ್ ಊರಿನ ಬಳಿ 1875ರಲ್ಲಿ ಅವನ ಭಾರಿ ಪ್ರತಿಮೆಯೂ ಎದ್ದಿತು. ಆದರೆ ಎರಡೂ ಹೆಸರುಗಳ ಮೂಲ ಒಂದೇ ಎನ್ನಲು ಗಟ್ಟಿ ಆಧಾರವಿಲ್ಲ.

ನಮಗೆ ಈ ಹೆಸರು ಹತ್ತಿರವಾದದ್ದು ಯೋಧನಿಂದಲ್ಲ, ಪತ್ರಿಕೆ ಹೊರಡಿಸಿದವರಿಂದ. 1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಹರ್ಮನ್ ಮೊಗ್ಲಿಂಗ್, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1836ರಲ್ಲಿ ಇಲ್ಲಿಗೆ ಬಂದರು. 1843ರ ಜುಲೈ 1ರಂದು ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಪತ್ರಿಕೆಯ ನೆನಪು ಸರಿಯೇ. ಆದರೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅವರು ಅಚ್ಚಿಗೆ ತಂದದ್ದು ಅದಕ್ಕಿಂತ ದೊಡ್ಡ ಕೆಲಸವೆಂದು ನನ್ನ ಎಣಿಕೆ. ಮತಪ್ರಚಾರಕ್ಕೆ ಬಂದವರು ತಾಳೆಗರಿಯಲ್ಲಿದ್ದ ಶೈವ, ವೈಷ್ಣವ ಕಾವ್ಯಗಳಿಗಾಗಿ ಇಷ್ಟು ದುಡಿದರಲ್ಲ!

ಅವರ ಗೆಳೆಯರೊಬ್ಬರ ಹೆಸರೂ ಹರ್ಮನ್ನೇ. ಸ್ಟುಟ್‌ಗಾರ್ಟ್‌ನ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಕ್ಕೆ ವ್ಯಾಕರಣ ಬರೆದರು, 1872ರಲ್ಲಿ ನಿಘಂಟನ್ನೂ ಕೊಟ್ಟರು. ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ಮಲಬಾರಿನಲ್ಲಿ. ಆಕೆಯ ಮಗನೇ 1946ರ ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ತಂದೆ ಯೋಹಾನೆಸ್ ಕೂಡ ಇದೇ ಮಿಶನ್ನಿನಿಂದ ಭಾರತಕ್ಕೆ ಬಂದಿದ್ದವರು. 1911ರಲ್ಲಿ ಪೂರ್ವದೇಶಗಳಿಗೆ ಹೊರಟ ಹೆಸ್ಸೆ ಸಿಲೋನ್, ಸುಮಾತ್ರಾ ನೋಡಿದರು. ತಾಯಿ ಹುಟ್ಟಿದ ಊರಿನವರೆಗೆ ಬರಲಾಗಲಿಲ್ಲ.

ವಿಜ್ಞಾನದಲ್ಲಿ ಶಕ್ತಿಯ ಸಂರಕ್ಷಣೆಯ ಬಗ್ಗೆ 1847ರಲ್ಲಿ ಬರೆದ, 1851ರಲ್ಲಿ ಕಣ್ಣಿನೊಳಗನ್ನು ನೋಡುವ ಉಪಕರಣ ಪ್ರಕಟಿಸಿದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದ್ದಾರೆ. ದೇಶ-ಕಾಲಗಳನ್ನು ಒಂದಾಗಿ ಬೆಸೆದ ಗಣಿತಜ್ಞ ಹರ್ಮನ್ ಮಿಂಕೋವ್ಸ್ಕಿ ಇದ್ದಾರೆ. ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ಹೆಸರೂ ಇದೇ. ಅದನ್ನು ಬಿಟ್ಟು ಹೇಳಿದರೆ ಪಟ್ಟಿ ಪ್ರಾಮಾಣಿಕವಾಗದು.

ಇನ್ನೊಬ್ಬರನ್ನು ಇಲ್ಲಿ ಹೆಚ್ಚು ಓದಬೇಕಿತ್ತು: 1850ರಲ್ಲಿ ಕಲೋನ್‌ನಲ್ಲಿ ಹುಟ್ಟಿದ ಹರ್ಮನ್ ಯಾಕೋಬಿ. ಜೈನಧರ್ಮ ಬೌದ್ಧಧರ್ಮದ ಕವಲು ಎಂದು ಯುರೋಪಿನ ವಿದ್ವಾಂಸರು ನಂಬಿದ್ದಾಗ, ಅದು ಸ್ವತಂತ್ರವಾದದ್ದೆಂದು ಗ್ರಂಥಗಳ ಆಧಾರದಿಂದ ತೋರಿಸಿಕೊಟ್ಟವರು ಅವರು. ಆಚಾರಾಂಗ, ಕಲ್ಪಸೂತ್ರಗಳ ಅವರ ಇಂಗ್ಲಿಷ್ ಅನುವಾದ 1884ರಲ್ಲಿ ಬಂತು.