ಗೋದಾಮಿನ ಬಾಗಿಲಿಗೆ ರೀಡರ್ ಕೂರಿಸುವ ಮೊದಲು

ಆರ್‌ಎಫ್‌ಐಡಿ ರೀಡರ್ (ಸರಕಿಗೆ ಅಂಟಿಸಿದ ಟ್ಯಾಗ್ ಎಂಬ ಚೀಟಿಯನ್ನು ರೇಡಿಯೋ ಅಲೆಯಿಂದ ಓದುವ ಮೆಷಿನ್) ಹಾಕಿಸಬೇಕು ಎಂದು ಫೋನ್ ಮಾಡುವವರ ಮೊದಲ ಪ್ರಶ್ನೆ ಒಂದೇ: "ಎಷ್ಟು ದೂರದಿಂದ ಓದುತ್ತೆ?" ಶಿರಸಿಯ ಅಡಿಕೆ ವಖಾರಿಯವರೂ ಇದನ್ನೇ ಕೇಳುತ್ತಾರೆ, ಕಾರವಾರ ಕಡೆಯ ಮೀನು ಘಟಕದವರೂ ಇದನ್ನೇ ಕೇಳುತ್ತಾರೆ. ಜಾಸ್ತಿ ದೂರ ಓದಿದಷ್ಟೂ ಮೆಷಿನ್ ಒಳ್ಳೆಯದು ಎಂಬ ಲೆಕ್ಕ. ಆದರೆ ನನಗೆ ತಲೆನೋವು ಬರುವುದು ಉಲ್ಟಾ ಕಡೆಯಿಂದ. ಓದಲಿಲ್ಲ ಎಂಬ ತಕರಾರಿಗಿಂತ, ಓದಬಾರದ್ದನ್ನು ಓದಿತು ಎಂಬ ತಕರಾರೇ ಹೆಚ್ಚು.

ತಂತ್ರ ಯಾರಿಗೂ ಹೊಸದಲ್ಲ. ಅಂಕೋಲಾದ ಹಟ್ಟಿಕೇರಿ ಟೋಲ್ ದಾಟುವಾಗ ಗಾಜಿನ ಮೇಲಿನ ಫಾಸ್ಟ್ಯಾಗ್ ಓದುವುದೂ ಇದೇ ಜಾತಿಯ ರೀಡರ್. ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ತೆಳ್ಳಗಿನ ಆಂಟೆನಾ, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್, ಅಷ್ಟೇ. ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಚಿಪ್‌ಗೆ ಕರೆಂಟ್ ಸಿಗುತ್ತದೆ. ಆ ಅಲೆಯನ್ನೇ ತುಸು ಏರುಪೇರು ಮಾಡಿ ವಾಪಸ್ ಕಳಿಸಿ, ಚಿಪ್ ತನ್ನ ನಂಬರ್ ಹೇಳುತ್ತದೆ. ಇದಕ್ಕಾಗಿ ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ರೇಡಿಯೋ ಪಟ್ಟಿಯನ್ನು (ಬ್ಯಾಂಡ್) 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ರೀಡರ್ ಎಷ್ಟೋ ಸಲ ಅಮೆರಿಕದ 902–928 ಸೆಟ್ಟಿಂಗ್‌ನಲ್ಲೇ ಬರುತ್ತದೆ. ಅದನ್ನು ಹಾಗೇ ಚಾಲೂ ಮಾಡಿದರೆ ಮೊಬೈಲ್ ಕಂಪನಿಗಳ 900ರ ಪಟ್ಟಿಗೆ ತೊಂದರೆ ಕೊಟ್ಟ ಹಾಗಾಗುತ್ತದೆ. ಮೊದಲು ಅದನ್ನು ಬದಲಿಸಿ, ಉಳಿದದ್ದು ಆಮೇಲೆ.

ಟೋಲ್‌ನಲ್ಲಿ ಕೆಲಸ ಸಲೀಸು. ಗಾಡಿಗಳು ಒಂದರ ಹಿಂದೊಂದು ಬರುತ್ತವೆ, ಗಾಡಿಗೊಂದೇ ಟ್ಯಾಗ್, ಅದೂ ಗಾಜಿನ ಮೇಲೆ. ವಖಾರಿಯ ಬಾಗಿಲಲ್ಲಿ ಹಾಗಲ್ಲ. ಹೊರಗೆ ಹೋಗುತ್ತಿರುವುದು ಹತ್ತು ಚೀಲ ರಾಶಿ (ಕೆಂಪಡಿಕೆ). ಬಾಗಿಲಿಂದ ನಾಲ್ಕು ಮೀಟರ್ ಒಳಗೆ ಚಾಲಿ (ಬಿಳಿ ಅಡಿಕೆ) ಚೀಲದ ಸಾಲು ಸುಮ್ನೆ ನಿಂತಿದೆ. ರೀಡರ್ ಎರಡನ್ನೂ ಓದುತ್ತದೆ. ಯಾವ ಟ್ಯಾಗ್ ಉತ್ತರ ಕೊಟ್ಟಿತು ಎಂಬುದಷ್ಟೇ ಅದಕ್ಕೆ ಗೊತ್ತು. ಯಾವುದು ಹೊಸ್ತಿಲು ದಾಟಿತು ಎಂಬುದು ಗೊತ್ತಿಲ್ಲ. ಕಂಪ್ಯೂಟರ್ ಮಾತ್ರ ಎಲ್ಲವನ್ನೂ "ಹೊರಗೆ ಹೋಯಿತು" ಎಂದು ಬರೆದುಕೊಳ್ಳುತ್ತದೆ. ಸಂಜೆ ಗೇಟ್ ಪಾಸ್‌ಗೂ ಸ್ಟಾಕಿಗೂ ತಾಳೆಯಾಗದೆ ಗುಮಾಸ್ತರು ಮತ್ತೆ ಕೈಯಲ್ಲೇ ಎಣಿಸುತ್ತಾರೆ. ಹೀಗೆ ನಾಲ್ಕು ದಿನ ಆದರೆ ರೀಡರ್ ಇದ್ದೂ ಇಲ್ಲದ ಹಾಗೆ.

ಪವರ್ ಇಳಿಸುವುದು ಮೊದಲ ಮದ್ದು. 3 ಡೆಸಿಬಲ್ ಇಳಿಸಿದರೆ ಶಕ್ತಿ ಅರ್ಧ, 6 ಇಳಿಸಿದರೆ ಕಾಲು ಭಾಗ. ದುಡ್ಡು ಕೊಟ್ಟು ತಂದ ರೇಂಜನ್ನು ನಾನು ಕಡಿಮೆ ಮಾಡುವಾಗ ಮಾಲೀಕರ ಮುಖ ನೋಡಬೇಕು! ಆಮೇಲೆ ರೀಡರ್ ಆಂಟೆನಾಗಳ ಮುಖವನ್ನು ಗೋದಾಮಿನ ಒಳಗಿಂದ ತಿರುಗಿಸಿ, ಬಾಗಿಲ ಚೌಕಟ್ಟಿನೊಳಗೆ ನೆಲದ ಕಡೆಗೆ ಬಗ್ಗಿಸುತ್ತೇನೆ. ಚೌಕಟ್ಟಿನ ಎರಡು ಕಡೆ, ಒಂದರ ಹಿಂದೆ ಒಂದರಂತೆ ಎರಡು ಬೆಳಕಿನ ಸೆನ್ಸರ್ ಕೂರಿಸಿ ರೀಡರ್‌ಗೆ ಜೋಡಿಸುತ್ತೇನೆ. ಬೆಳಕು ತುಂಡಾದಾಗ ಮಾತ್ರ ಓದು ಶುರುವಾಗಬೇಕು. ಯಾವ ಸೆನ್ಸರ್ ಮೊದಲು ತುಂಡಾಯಿತು ಎಂಬುದರಿಂದ ಒಳಗೋ ಹೊರಗೋ ಗೊತ್ತಾಗುತ್ತದೆ. ಇವುಗಳ ಬೆಲೆ ರೀಡರ್ ಮುಂದೆ ಏನೇನೂ ಅಲ್ಲ. ಆದರೂ ಕೊಟೇಶನ್‌ನಲ್ಲಿ ಮೊದಲು ಹೊಡೆದು ಹಾಕುವುದು ಇವನ್ನೇ.

ಕಂಪನಿಗಳ ಕೈಪಿಡಿಯಲ್ಲಿ ಸರಕು ಫೋರ್ಕ್‌ಲಿಫ್ಟ್ ಮೇಲೆ ಬರುತ್ತದೆ. ನಮ್ಮಲ್ಲಿ ಹಮಾಲರ ಬೆನ್ನ ಮೇಲೆ ಬರುತ್ತದೆ. ಇದು ಸಣ್ಣ ವ್ಯತ್ಯಾಸ ಅಲ್ಲ. ಮನುಷ್ಯರ ಮೈಯಲ್ಲಿ ಹೆಚ್ಚಿನದು ನೀರು. ಈ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಟ್ಯಾಗ್ ಇರುವ ಮಗ್ಗುಲು ಬೆವರಿದ ಬೆನ್ನಿಗೆ ಒತ್ತಿದ್ದರೆ ಆ ಚೀಲ ರೀಡರ್ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ಟ್ಯಾಗನ್ನು ಚೀಲದ ಹೊಟ್ಟೆಗೆ ಅಂಟಿಸಬೇಡಿ, ಬಾಯಿ ಹೊಲಿಗೆಯ ಹತ್ತಿರ ಬಾವುಟದ ಹಾಗೆ ಹೊರಗೆ ಚಾಚುವಂತೆ ಹೊಲಿಯಿರಿ. ಆಂಟೆನಾ ಎರಡೂ ಕಡೆ ಇರಲಿ, ಸಾಧ್ಯವಾದರೆ ಮೇಲೊಂದು. ಚೀಲ ಹೇಗೆ ತಿರುಗಿ ಬರುತ್ತದೋ ಹೇಳಲಾಗದು, ಹಾಗಾಗಿ ಆಂಟೆನಾ ಟ್ಯಾಗ್ ಹೇಗೆ ತಿರುಗಿದ್ದರೂ ಓದುವ ಸರ್ಕ್ಯುಲರ್ ಪೋಲರೈಸೇಶನ್‌ನದೇ ಆಗಿರಲಿ.

ಇನ್ನೊಂದು ವಿಚಿತ್ರ ಇದೆ. ಒಂದು ಚೀಲ ಬಾಗಿಲಲ್ಲೇ ನಿಂತಿದ್ದರೂ ಓದುವುದಿಲ್ಲ, ಅರ್ಧ ಅಡಿ ಸರಿಸಿದರೆ ಥಟ್ಟನೆ ಓದುತ್ತದೆ. ಈ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ನೇರ ಬಂದ ಅಲೆ, ಕಬ್ಬಿಣದ ಶಟರ್‌ಗೋ ನೆಲಕ್ಕೋ ಬಡಿದು ಬಂದ ಅಲೆ, ಎರಡೂ ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ನಡೆಯುವ ಹಮಾಲರ ಚೀಲ ಈ ಸತ್ತ ಜಾಗಗಳನ್ನು ತಾನಾಗಿ ದಾಟುತ್ತದೆ. ಪರೀಕ್ಷೆ ಮಾಡುವಾಗ ಚೀಲ ನಿಲ್ಲಿಸಿ ನೋಡಬೇಡಿ, ಹೊತ್ತು ನಡೆಸಿ ನೋಡಿ.

ಕರಾವಳಿಯಲ್ಲಿ ಪರೀಕ್ಷೆಯ ಕಾಲವೇ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಘಟಕದಲ್ಲಿ ಕೆಲಸ ಕಡಿಮೆ, ಹಾಗಾಗಿ ಆಗಲೇ ರೀಡರ್ ಕೂರಿಸುತ್ತಾರೆ. ಖಾಲಿ, ಒಣ ಕ್ರೇಟ್ ಇಟ್ಟು ನೋಡಿದರೆ ಎಲ್ಲವೂ ಓದುತ್ತದೆ, ಬಿಲ್ ಪಾಸಾಗುತ್ತದೆ. ಆಗಸ್ಟ್‌ನಲ್ಲಿ ಬಂಗಡೆ ಬರುತ್ತದೆ, ಕ್ರೇಟ್ ತುಂಬ ಕರಗುವ ಐಸ್, ಉಪ್ಪುನೀರು. ನಡುವಿನ ಕ್ರೇಟ್‌ಗಳು ಮಾಯ! ಟ್ಯಾಗ್ ಕ್ರೇಟಿನ ಅಂಚಿನಲ್ಲಿ, ಐಸ್‌ಗಿಂತ ಮೇಲೆ, ಹೊರಮುಖವಾಗಿ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಗಟ್ಟಿ ಹೆಪ್ಪುಗಟ್ಟಿದ ಮೀನಿನದು ಬೇರೆ ಕಥೆ. ಐಸ್ ಈ ಅಲೆಯನ್ನು ನೀರಿನಷ್ಟು ಹೀರುವುದಿಲ್ಲ. ಮೈನಸ್ 18 ಡಿಗ್ರಿಯ ಕೋಣೆಯಿಂದ ಆಗಷ್ಟೇ ಬಂದ ಬಾಕ್ಸ್ ಚೆನ್ನಾಗಿ ಓದುತ್ತದೆ. ಲಾರಿ ಬರಲಿ ಎಂದು ಹೊರಗೆ ಕಾದು, ಮೇಲೆಲ್ಲ ನೀರು ಕೂತ ಬಾಕ್ಸ್ ಕೈಕೊಡುತ್ತದೆ. ರೀಡರ್ ಇರಬೇಕಾದ್ದು ಕೋಲ್ಡ್ ಸ್ಟೋರೇಜ್ ಬಾಗಿಲಲ್ಲಿ, ಲೋಡಿಂಗ್ ಕಟ್ಟೆಯಲ್ಲಿ ಅಲ್ಲ.

ಉಪ್ಪುಗಾಳಿಯ ಬಗ್ಗೆ ಹೇಳದಿದ್ದರೆ ಹೇಗೆ? ಪೆಟ್ಟಿಗೆ ಐಪಿ67 (ದೂಳು, ನೀರು ಒಳಹೋಗದ ದರ್ಜೆ) ಇದ್ದರೂ ಹಾಳಾಗುವುದು ಕೇಬಲ್ ಸೇರುವ ಜಾಗ. ನೀರು ಕೇಬಲ್ ಹಿಡಿದೇ ಇಳಿದು ಕನೆಕ್ಟರ್‌ಗೆ ಬರುತ್ತದೆ. ಕೇಬಲನ್ನು ಒಂದು ಸಲ ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್‌ಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಬ್ರಾಕೆಟ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ, 304 ನಮ್ಮ ಕಡಲ ದಂಡೆಯಲ್ಲಿ ಬೇಗ ಕಂದು ಹಿಡಿಯುತ್ತದೆ. ಹಾಳಾದದ್ದು ಕಣ್ಣಿಗೆ ಕಾಣುವುದಿಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಓದು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ. ಅದಕ್ಕೆ ನಾನು ಬಾಗಿಲ ಚೌಕಟ್ಟಿಗೇ ಒಂದು ಟ್ಯಾಗ್ ಖಾಯಂ ಅಂಟಿಸುತ್ತೇನೆ. ದಿನಾ ಬೆಳಿಗ್ಗೆ ಪ್ರತಿ ಆಂಟೆನಾ ಅದನ್ನು ಓದಬೇಕು. ಓದದಿದ್ದರೆ ಸೂಪರ್‌ವೈಸರ್ ಫೋನಿಗೆ ಮೆಸೇಜ್ ಹೋಗುತ್ತದೆ.

ಎಲ್ಲರಿಗೂ ಇದು ಬೇಕಾ? ಬೇಡ. ಅಡಿಕೆ ಚೀಲದ ಜೊತೆ ಟ್ಯಾಗೂ ಊರು ಬಿಟ್ಟು ಹೋಗುತ್ತದೆ, ಪ್ರತಿ ಸಲ ಹೊಸದು ಹಾಕಬೇಕು. ದಿನಕ್ಕೆ ಐವತ್ತು ಅರವತ್ತು ಚೀಲ ಹೋಗುವ ವಖಾರಿಗೆ ಬಾರ್‌ಕೋಡ್ ಚೀಟಿ, ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಧಾರಾಳ ಸಾಕು. ಮೀನಿನ ಕ್ರೇಟ್ ತಿರುಗಿ ಬರುತ್ತದೆ, ಅದೇ ಟ್ಯಾಗ್ ವರ್ಷಗಟ್ಟಲೆ ದುಡಿಯುತ್ತದೆ. ನನ್ನನ್ನು ಕೇಳಿದರೆ ಕರಾವಳಿಯಲ್ಲಿ ಮೊದಲು ಟ್ಯಾಗ್ ಹಾಕಬೇಕಾದ್ದು ಮೀನಿಗಲ್ಲ, ಕ್ರೇಟಿಗೆ. ಯಾರ ಕ್ರೇಟ್ ಯಾರ ಬೋಟಿನಲ್ಲಿ ಉಳಿಯಿತು ಎಂಬ ಜಗಳ ಯಾವ ಬಂದರಿನಲ್ಲಿ ಇಲ್ಲ, ಹೇಳಿ?