ಪೆಬಲ್ ಗಣಿ ಬೇಕೋ ಬೇಡವೋ: ಸಾಲ್ಮನ್ ನದಿಗಳ ಮೇಲಿನ ಉದ್ದದ ಜಗಳ

ಅಮೆರಿಕದ ಅಲಾಸ್ಕ ರಾಜ್ಯದ ಪೆಬಲ್ ಗಣಿ ಯೋಜನೆ ಸತ್ತಿದೆಯೋ ಬದುಕಿದೆಯೋ? ಒಂದು ಸರ್ಕಾರ ಬೇಡ ಅಂದರೆ ಮುಂದಿನದು ನೋಡೋಣ ಅನ್ನುತ್ತದೆ. ನಡುವೆ ಕೋರ್ಟು. ಸುದ್ದಿ ಓದುವವರಿಗೂ ತಲೆಕೆಟ್ಟಿದೆ.

ಜಾಗ ಅಲಾಸ್ಕದ ನೈಋತ್ಯ ಮೂಲೆಯ ಬ್ರಿಸ್ಟಲ್ ಬೇ. ಪ್ರಪಂಚದ ಸಾಕೈ ಸಾಲ್ಮನ್ ಮೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಯದೇ. 2022ರಲ್ಲಿ ಸುಮಾರು 7.9 ಕೋಟಿ ಮೀನು ಮೊಟ್ಟೆಯಿಡಲು ಸಮುದ್ರದಿಂದ ವಾಪಸ್ ಬಂದವು, 6 ಕೋಟಿ ಬಲೆಗೆ ಬಿದ್ದವು. ಇಲ್ಲಿನ ಮೂಲನಿವಾಸಿಗಳಾದ ಯೂಪಿಕ್, ಡೆನೈನಾ ಜನರಿಗೆ ಸಾವಿರಾರು ವರ್ಷಗಳಿಂದ ಇದೇ ಚಳಿಗಾಲದ ಊಟ.

ನುಶಗಾಕ್ ಮತ್ತು ಕ್ವೀಜಾಕ್ ನದಿಗಳು ಹುಟ್ಟುವ ಕಡೆಯೇ 1980ರ ದಶಕದ ಕೊನೆಗೆ ತಾಮ್ರ, ಚಿನ್ನ ಸಿಕ್ಕವು. 2001ರಲ್ಲಿ ಕೆನಡಾದ ನಾರ್ದರ್ನ್ ಡೈನಸ್ಟಿ ಕಂಪನಿ ಕೈಹಾಕಿತು. 2007ರಲ್ಲಿ ಜೊತೆಯಾದ ದೊಡ್ಡ ಗಣಿ ಕಂಪನಿ ಆಂಗ್ಲೋ ಅಮೆರಿಕನ್ 2013ರಲ್ಲಿ ಎದ್ದು ಹೋಯಿತು. ಮರುವರ್ಷ ಇನ್ನೊಂದು ಗಣಿ ಕಂಪನಿ ರಿಯೋ ಟಿಂಟೊ, ನಾರ್ದರ್ನ್ ಡೈನಸ್ಟಿಯಲ್ಲಿದ್ದ ತನ್ನ ಷೇರುಗಳನ್ನು ಅಲಾಸ್ಕದ ಎರಡು ದತ್ತಿ ಸಂಸ್ಥೆಗಳಿಗೆ ದಾನ ಕೊಟ್ಟಿತು. ಲಾಭನಷ್ಟ ಬಲ್ಲವರು ಸುಮ್ನೆ ಷೇರು ದಾನ ಕೊಡುವುದಿಲ್ಲ, ಅಲ್ವಾ?

ಅಪಾಯ ಇರುವುದು ಅದಿರಿನ ಗುಣದಲ್ಲೇ. ಗಂಧಕ ಬೆರೆತ ಈ ಕಲ್ಲು ಗಾಳಿ, ನೀರಿಗೆ ತೆರೆದುಕೊಂಡರೆ ಆಮ್ಲ ಹುಟ್ಟಿ ತಾಮ್ರ ಕರಗುತ್ತದೆ. ಸಾಲ್ಮನ್ ತಾನು ಹುಟ್ಟಿದ ತೊರೆಯನ್ನು ಹುಡುಕುವುದು ವಾಸನೆಯಿಂದ. ಲೀಟರಿಗೆ ಕೆಲವು ಮೈಕ್ರೋಗ್ರಾಂ ತಾಮ್ರ ಜಾಸ್ತಿಯಾದರೂ ಆ ಮೂಗು ಮಂಕಾಗುತ್ತದೆ. ಲೋಹ ತೆಗೆದ ಮೇಲೆ ಉಳಿಯುವ ರಾಡಿಯನ್ನು ಭೂಕಂಪದ ನಾಡಿನಲ್ಲಿ ಒಡ್ಡು ಕಟ್ಟಿ ಹಿಡಿದಿಡಬೇಕು. ಗಣಿಯ ಅವಧಿ 20 ವರ್ಷ ಅಂತ ಯೋಜನೆಯಲ್ಲಿತ್ತು. ರಾಡಿಯನ್ನು ಕಾಯುವುದಕ್ಕೆ ಅಂಥ ಅವಧಿಯಿಲ್ಲ. 2014ರ ಆಗಸ್ಟ್‌ನಲ್ಲಿ ಕೆನಡಾದ ಮೌಂಟ್ ಪಾಲಿ ಗಣಿಯ ಒಡ್ಡು ಒಡೆದು ರಾಡಿ ಕ್ವೆನೆಲ್ ಸರೋವರಕ್ಕೆ ನುಗ್ಗಿತ್ತು. ಅಲ್ಲಿಗೂ ಸಾಲ್ಮನ್ ಬರುತ್ತದೆ.

ಗಣಿ ಬೇಕು ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಗಣಿ ಜಾಗದ ಹತ್ತಿರದ ಇಲಿಯಾಮ್ನಾ ಸುತ್ತಿನ ಊರುಗಳಲ್ಲಿ ಕೆಲಸ ಕಡಿಮೆ, ಇಂಧನ ದುಬಾರಿ. ತಾಮ್ರವೂ ಎಲ್ಲರಿಗೂ ಬೇಕು.

ಅನುಮತಿಯ ಕಥೆ ಸಿಕ್ಕುಬೀಳುವುದು ಇಲ್ಲಿಂದ. 2010ರಲ್ಲಿ ಸ್ಥಳೀಯ ಬುಡಕಟ್ಟುಗಳು ಶುದ್ಧ ನೀರಿನ ಕಾಯ್ದೆಯಡಿ ತಡೆ ಹಾಕಿ ಎಂದು ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಏಜೆನ್ಸಿಯನ್ನು ಕೇಳಿದವು. 2014ರಲ್ಲಿ ತಡೆಯ ಪ್ರಸ್ತಾವ ಬಂತು, ಕಂಪನಿ ಕೋರ್ಟಿಗೆ ಹೋಯಿತು, 2017ರಲ್ಲಿ ಇಬ್ಬರಿಗೂ ರಾಜಿಯಾಯಿತು, 2019ರಲ್ಲಿ ಪ್ರಸ್ತಾವವೇ ವಾಪಸ್.

2020ರ ಜುಲೈಯಲ್ಲಿ, ಗಣಿಗೆ ಅನುಮತಿ ಕೊಡಬೇಕಾದ ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗದ ವರದಿ, ಮೀನಿನ ಸಂಖ್ಯೆಯಲ್ಲಿ ಅಳೆಯುವಷ್ಟು ವ್ಯತ್ಯಾಸ ಬರುವುದಿಲ್ಲ ಎಂದಿತು. ಇಡೀ ಕೊಲ್ಲಿಯ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ಇಲ್ಲಿನ ಮೀನುಗಾರಿಕೆ ನಿಂತಿರುವುದೇ ನೂರಾರು ಬೇರೆ ಬೇರೆ ತೊರೆಗಳ ಮೇಲೆ. ಒಂದು ಸೊರಗಿದ ವರ್ಷ ಇನ್ನೊಂದು ತುಂಬಿಕೊಡುತ್ತದೆ. 1990ರ ದಶಕದ ಕೊನೆಗೆ ಕ್ವೀಜಾಕ್ ಕುಸಿದಾಗ ಬೇರೆ ನದಿಗಳೇ ಮೀನುಗಾರರ ಕೈಹಿಡಿದವು. ಚಿಕ್ಕ ತೊರೆ ಹೋದರೆ ಏನು ಮಹಾ ಅನ್ನುವ ಲೆಕ್ಕ ಈ ಜಾಗಕ್ಕೆ ಒಗ್ಗುವುದಿಲ್ಲ.

ಒಂದೇ ತಿಂಗಳಲ್ಲಿ ಅದೇ ವಿಭಾಗ ಒಂದು ಷರತ್ತು ಹಾಕಿತು: ಹಾಳಾಗುವ ತೊರೆ, ಜೌಗು ನೆಲಕ್ಕೆ ಪರಿಹಾರವನ್ನು ಅದೇ ಜಲಾನಯನದಲ್ಲಿ ತೋರಿಸಿ. ಅಲ್ಲಿ ಕೆಟ್ಟ ತೊರೆ ಇದ್ದರಲ್ಲವೇ ರಿಪೇರಿ ಮಾಡಲು! ಕಂಪನಿಯ ಪರಿಹಾರ ಸಾಲದೆಂದು ನವೆಂಬರ್‌ನಲ್ಲಿ ಅನುಮತಿ ನಿರಾಕರಣೆಯಾಯಿತು.

2023ರ ಜನವರಿಯಲ್ಲಿ ಏಜೆನ್ಸಿ ಅಂತಿಮ ತಡೆ ಹಾಕಿತು. ನೆಲ ಅಲಾಸ್ಕ ರಾಜ್ಯದ್ದು. ಹಾಗಾಗಿ ರಾಜ್ಯವೇ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಜನವರಿಯಲ್ಲಿ ಕೋರ್ಟು ಕೇಸು ಕೇಳಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಕಂಪನಿ, ರಾಜ್ಯ ಎರಡೂ ಕೆಳಗಿನ ಕೋರ್ಟಿನಲ್ಲಿ ದಾವೆ ಹೂಡಿದವು. ಒಂದು ವೇಳೆ ಈ ತಡೆ ಬಿದ್ದುಹೋದರೂ 2014ರಲ್ಲಿ ಅಲಾಸ್ಕದ ಮತದಾರರೇ ಮಾಡಿದ ಕಾನೂನೊಂದಿದೆ. ಅದರ ಪ್ರಕಾರ ಇಂಥ ದೊಡ್ಡ ಗಣಿಯಿಂದ ಮೀನುಗಾರಿಕೆಗೆ ಅಪಾಯವಿಲ್ಲ ಎಂದು ರಾಜ್ಯದ ಶಾಸನಸಭೆ ಕಾನೂನು ಮಾಡಿ ಹೇಳಬೇಕು.