ಎಲ್ಲರೂ ಬರುವ ಮೊದಲೇ ಹೊಡೆದವರು

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಗೇಮ್‌ಗೆ 2014ರಲ್ಲಿ ‘ಹಂಟ್’ ಎಂಬ ಬೇಟೆ ಸೇರಿತು. ದೊಡ್ಡ ಬಯಲಿನ ಯಾವುದೋ ಮೂಲೆಯಲ್ಲಿ ಅಪರೂಪದ ಮಾನ್‌ಸ್ಟರ್ ಕಾಣಿಸಿಕೊಳ್ಳುತ್ತದೆ. ಕಂಡವರು ಚಾಟ್‌ನಲ್ಲಿ ಜಾಗ ಹೇಳುತ್ತಾರೆ. ಹತ್ತಾರು ಜನ ಓಡೋಡಿ ಬರುತ್ತಾರೆ. ಎಲ್ಲರೂ ಸೇರುವ ತನಕ ಯಾರೂ ಹೊಡೆಯಬಾರದು ಎಂಬುದು ಅಲ್ಲಿನ ಮರ್ಯಾದೆ. ಇದನ್ನು ಗೇಮ್ ಹೇಳಿಲ್ಲ, ಆಡುವವರೇ ಮಾಡಿಕೊಂಡಿದ್ದಾರೆ.

ಅಷ್ಟರಲ್ಲಿ ಒಬ್ಬ ಹೊಡೆದೇ ಬಿಡುತ್ತಾನೆ. ಉಳಿದವರೂ ಮುಗಿಬೀಳುತ್ತಾರೆ. ದಾರಿಯಲ್ಲಿದ್ದವರು ತಲುಪುವ ಹೊತ್ತಿಗೆ ಬೇಟೆ ಮುಗಿದಿರುತ್ತದೆ. ಅದು ಮತ್ತೆ ಹುಟ್ಟಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಆಮೇಲೆ ಚಾಟ್ ತುಂಬ ಬೈಗುಳ. ‘ಮಾನ್‌ಸ್ಟರ್ ಯಾರಪ್ಪನ ಆಸ್ತಿ? ಕಾಯಬೇಕು ಅಂತ ಎಲ್ಲಿ ಬರೆದಿದೆ?’ ಎಂಬುದು ಹೊಡೆದವನ ವಾದ.

ಆ ವಾದ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಹೊಡೆದವರಿಗೆಲ್ಲ ಬಹುಮಾನ ಉಂಟು, ಒಬ್ಬರು ಹೆಚ್ಚಾದರೆ ಯಾರ ಪಾಲೂ ಕಿತ್ತುಹೋಗುವುದಿಲ್ಲ. ಕಾದರೆ ಮೊದಲು ಬಂದವನಿಗೆ ಹೋಗುವುದು ಕೆಲವು ನಿಮಿಷ. ಕಾಯದಿದ್ದರೆ ಹಿಂದೆ ಬಂದವರಿಗೆ ಇಡೀ ಬೇಟೆಯೇ ಹೋಯಿತು.

ಆದರೂ ಇಷ್ಟು ಸಿಟ್ಟೇಕೆ? ಅರ್ನ್ಸ್ಟ್ ಫೆಹ್ರ್ ಮತ್ತು ಸೈಮನ್ ಗೆಖ್ಟರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸುಳಿವು ಕೊಡುತ್ತದೆ. ನಾಲ್ವರ ಗುಂಪು, ತಲೆಗೆ 20 ನಾಣ್ಯ. ಎಲ್ಲರೂ ಒಂದೇ ಹುಂಡಿಗೆ ಹಾಕಿದರೆ ಎಲ್ಲರಿಗೂ ಲಾಭ. ಹಾಕದೆ ಪಾಲು ಪಡೆಯುವವನಿಗೆ ಇನ್ನೂ ಜಾಸ್ತಿ ಲಾಭ. ಬೇಕಿದ್ದವರು ತಮ್ಮ ಒಂದು ನಾಣ್ಯ ಕಳೆದುಕೊಂಡು ಅಂಥವನ ಮೂರು ನಾಣ್ಯ ಕಳೆಯಬಹುದಿತ್ತು. ಪ್ರತಿ ಸುತ್ತಿಗೂ ಗುಂಪು ಬದಲಾಗುತ್ತಿತ್ತು, ದಂಡ ಹಾಕಿದವರು ಅವನನ್ನು ಮತ್ತೆ ಎದುರಿಸುವಂತಿರಲಿಲ್ಲ. ಆದರೂ ಜನ ಕೈಯಿಂದ ಹಣ ಹಾಕಿ ದಂಡಿಸಿದರು. ದಂಡದ ಭಯವಿದ್ದಾಗ ಹುಂಡಿಯೂ ತುಂಬಿತು.

ಹಾಗಾಗಿ ಬೇಟೆಯ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ ಅದು ಗುರಿ ತಪ್ಪುತ್ತದೆ. ಹೊಸಬರಿಗೆ ಈ ಕಟ್ಟಳೆ ಗೊತ್ತೇ ಇರುವುದಿಲ್ಲ. ಮೊದಲ ದಿನವೇ ನೂರು ಜನರಿಂದ ಬೈಸಿಕೊಂಡವರು ಮತ್ತೆ ಬೇಟೆಗೆ ಬರುತ್ತಾರಾ? ಬೇಕೆಂದೇ ಕೆಡಿಸುವವರೂ ಇದ್ದಾರೆ, ಆದರೆ ಎಲ್ಲರನ್ನೂ ಒಂದೇ ಸಾಲಿಗೆ ನಿಲ್ಲಿಸುವುದು ಅನ್ಯಾಯ. ಊರೂರಿನ ಮೀನುಗಾರಿಕೆ, ನೀರಾವರಿಗಳನ್ನು ಅಧ್ಯಯನ ಮಾಡಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರೋಮ್ ಕೂಡ ಗಮನಿಸಿದ್ದು ಇದನ್ನೇ: ಬಾಳಿಕೆ ಬಂದ ಕಟ್ಟಳೆಗಳಲ್ಲಿ ಮೊದಲ ತಪ್ಪಿಗೆ ಶಿಕ್ಷೆ ಹಗುರ, ಮತ್ತೆ ಮತ್ತೆ ಮಾಡಿದರೆ ಬಿಗಿ.

1999ರ ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಗೇಮ್‌ನಲ್ಲಿ ಜಗಳ ಇನ್ನೂ ಕಟುವಾಗಿತ್ತು. ಅಲ್ಲಿ ಹೆಚ್ಚು ಹೊಡೆದ ಗುಂಪಿಗೇ ಲೂಟ್, ಅಂದರೆ ಸತ್ತ ಮಾನ್‌ಸ್ಟರ್‌ನಿಂದ ಸಿಗುವ ವಸ್ತುಗಳು. ಕೆಲವು ಸರ್ವರ್‌ಗಳಲ್ಲಿ ಗಿಲ್ಡ್‌ಗಳು, ಅಂದರೆ ಆಡುವವರ ಸಂಘಗಳು, ಕೊನೆಗೆ ಕೂತು ಮಾತಾಡಿ ಸರದಿ ಗೊತ್ತುಮಾಡಿಕೊಂಡವು. ಟರ್ಕಿಯ ಅಲಾನ್ಯದ ಮೀನುಗಾರರೂ ಹೀಗೇ ಮಾಡಿದ್ದನ್ನು ಆಸ್ಟ್ರೋಮ್ ಬರೆದಿದ್ದಾರೆ. ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತಿ ಬಲೆ ಹಾಕುವ ಜಾಗ ಹಂಚಿಕೊಂಡು, ದಿನಕ್ಕೊಂದು ಜಾಗದಂತೆ ಮುಂದೆ ಸರಿಯುವುದು. ಒಳ್ಳೆಯ ಜಾಗ ಎಲ್ಲರಿಗೂ ಸಿಗುತ್ತದೆ.

2012ರಲ್ಲಿ ಬಂದ ಗಿಲ್ಡ್ ವಾರ್ಸ್ 2 ಎಂಬ ಗೇಮ್ ಈ ಲೆಕ್ಕವನ್ನೇ ಬದಲಿಸಿತು. ಕೈಜೋಡಿಸಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಲೂಟ್. ಜನ ಹೆಚ್ಚಿದಂತೆ ಬಾಸ್‌ನ, ಅಂದರೆ ದೊಡ್ಡ ಮಾನ್‌ಸ್ಟರ್‌ನ, ಬಲವೂ ಹೆಚ್ಚುತ್ತದೆ. ಮುಂದೆ ದೊಡ್ಡ ಬಾಸ್‌ಗಳಿಗೆ ವೇಳಾಪಟ್ಟಿಯೂ ಬಂತು. ಈಗ ಅಲ್ಲಿ ಗೊಣಗಾಟ ಬೇಗ ಹೊಡೆದವರ ಮೇಲಲ್ಲ, ಒಂದೆರಡು ಏಟು ಹಾಕಿ ಸುಮ್ನೆ ನಿಲ್ಲುವವರ ಮೇಲೆ.